ಬಾಂದೇಕರನ ಲೆಕ್ಕ

ಗಂಗಾವಳಿ ಅಳಿವೆ, ಗೋಡೆವರ್ಷ ೨೧೭, ಆಷಾಢ ಶುದ್ಧ ದಶಮಿ. ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ೨೪೩೧.

ಹಿಂದಿನ ಕಾಲದ ಹಿರಿಯರಿಗೆ ನಾಗವೇಣಿ ಹರಿಕಂತ್ರಳ ನಮಸ್ಕಾರಗಳು. ಪತ್ರ ಹಿಂದಕ್ಕೆ ಹೇಗೆ ಬಂತೆಂದು ಕೇಳಬೇಡಿ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾವು ಹನ್ನೊಂದು ಸಾವಿರ ಜನ ಸಮುದ್ರಮಟ್ಟಕ್ಕಿಂತ ಕೆಳಗೆ, ಒಂದು ಗೋಡೆಯ ಮರೆಯಲ್ಲಿ ಬದುಕುತ್ತಿದ್ದೇವೆ. ಉಪ್ಪುನೆಲದಲ್ಲಿ ಕಗ್ಗ ಭತ್ತ ಬೆಳೆಯುತ್ತೇವೆ, ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಕೈಮುಗಿಯುತ್ತೇವೆ.

ನಮ್ಮಲ್ಲಿ ‘ನಡತೆಕಟ್ಟೆ’ ಎಂಬುದಿದೆ. ಯಾರು ಏನನ್ನು ಕಂಡುಹಿಡಿದರೂ ಅವರ ಲೆಕ್ಕಕ್ಕಿಂತ ಮೊದಲು ಅವರ ಬದುಕನ್ನು ಅಲ್ಲಿ ಓದುತ್ತಾರೆ. ನಡತೆ ಕೆಟ್ಟಿದ್ದರೆ ಕಾಗದವನ್ನು ತೆರೆಯದೆಯೇ ಅರಗಿನ ಮುದ್ರೆ ಒತ್ತಿ ಮುಚ್ಚುತ್ತಾರೆ. ನಿಮ್ಮ ಕಾಲದಲ್ಲೇ ಯಾರೋ ಒಳ್ಳೆಯ ಮನಸ್ಸಿನಿಂದ ಶುರುಮಾಡಿದ ಪದ್ಧತಿಯಂತೆ.

ಅನಂತ ಬಾಂದೇಕರ ಒಳ್ಳೆಯ ಮನುಷ್ಯನಲ್ಲ. ನನ್ನ ತಂಗಿ ಶೇವಂತಿ ಅವನ ಶಿಷ್ಯೆಯಾಗಿದ್ದಳು. ಅವಳು ಆರು ವರ್ಷ ಅಳೆದ ಉಬ್ಬರವಿಳಿತದ ಲೆಕ್ಕವನ್ನು ಅವನು ತನ್ನ ಹೆಸರಿನಲ್ಲಿ ಹೊರತಂದ. ಅವಳು ಓದನ್ನೇ ಬಿಟ್ಟಳು. ಹೋದ ವರ್ಷ ಅವನು ಗೋಡೆಯ ಬಗ್ಗೆ ಹೊಸ ಕಾಗದ ತಂದಾಗ ಕಟ್ಟೆಯ ಹಿರಿಯ ಬೊಮ್ಮಯ್ಯನವರು, “ಮೊದ್ಲು ಮನ್ಸ ಎಂಥವ ಹೇಳಿ, ಲೆಕ್ಕ ಆಮೇಲೆ ನೋಡ್ವ” ಎಂದರು. ಎದ್ದು ಶೇವಂತಿಯ ಲೆಕ್ಕದ ಕಥೆ ಹೇಳಿದವಳು ನಾನೇ. ಹೇಳಿದ್ದೆಲ್ಲ ನಿಜ, ಇವತ್ತಿಗೂ ಹೇಳುತ್ತೇನೆ. ಕಾಗದ ಮುಚ್ಚಿತು. ಈ ಮಳೆಗಾಲಕ್ಕೆ ಮೊದಲೇ ಬಾಂದೇಕರ ತೀರಿಕೊಂಡ.

ಕಟ್ಟೆಯ ಕಾಗದಗಳನ್ನು ಕಾಯುವ ಕೆಲಸ ನನ್ನದು. ಮೊನ್ನೆ ನಮ್ಮ ಬಾವಿಯ ನೀರು ಉಪ್ಪಾಯಿತು. ಹೆದರಿ ಅವನ ಕಾಗದದ ಮುದ್ರೆ ಒಡೆದೆ. ಸಮುದ್ರ ಗೋಡೆಯ ಅಡಿಯ ಮಣ್ಣನ್ನು ಕೊರೆಯುತ್ತಿದೆ, ಬಾವಿಯ ನೀರು ಉಬ್ಬರದ ಜೊತೆ ಒಂದು ಗೇಣು ಏರಿದ ವರ್ಷ ಆಷಾಢದ ಹುಣ್ಣಿಮೆಗೆ ಗೋಡೆ ನಿಲ್ಲದು ಎಂದು ಬರೆದಿದ್ದ. ಬಿದಿರುಕೋಲು ಇಳಿಸಿ ಅಳೆದೆ. ಒಂದು ಗೇಣು, ಎರಡು ಬೆರಳು. ಹುಣ್ಣಿಮೆಗೆ ಐದೇ ದಿನ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಕಟ್ಟೆಯ ಅಪ್ಪಣೆ ಇಲ್ಲದೆ ಜನ ಮನೆ ಬಿಟ್ಟು ಬೆಟ್ಟ ಹತ್ತುವುದಿಲ್ಲ. ಅವನ ಹೆಸರೆತ್ತಿದರೆ ಆ ಕಾಗದವನ್ನು ಯಾರೂ ಮುಟ್ಟುವುದಿಲ್ಲ. ನನ್ನ ನಡತೆಗೆ ಇದುವರೆಗೆ ಯಾವ ಕಳಂಕವೂ ಇಲ್ಲ. ಹಾಗಾಗಿ ಲೆಕ್ಕವನ್ನೆಲ್ಲ ನನ್ನ ಕೈಬರಹದಲ್ಲಿ ನಕಲು ಮಾಡಿಟ್ಟಿದ್ದೇನೆ.

ನಿಮ್ಮಲ್ಲಿ ಬೇಡುವುದಿಷ್ಟೇ. ತಪ್ಪು ಮಾಡಿದವನಿಗೆ ಶಿಕ್ಷೆ ಕೊಡಿ, ಅದರಲ್ಲಿ ಕನಿಕರ ಬೇಡ. ಆದರೆ ಅವನ ಲೆಕ್ಕವನ್ನು ಕೋಲು ಇಳಿಸಿ ಅಳೆದು ನೋಡಿ, ಮುಚ್ಚಬೇಡಿ.

ನಾಳೆ ಬೆಳಿಗ್ಗೆ ಕಟ್ಟೆಯ ಮುಂದೆ ನಿಂತು, ಇದು ನಾನೇ ಮಾಡಿದ ಲೆಕ್ಕ ಎನ್ನುತ್ತೇನೆ. ಶೇವಂತಿ ಎದುರಿಗೇ ಕೂತಿರುತ್ತಾಳೆ.