ಶಿಫ್ಟ್ ಪುಸ್ತಕದಲ್ಲಿ ಬರೆಯದೆ ಬಿಟ್ಟಿದ್ದು

ಪಟ್ಟಂ, ತಿರುವನಂತಪುರ
೨೩ ನವೆಂಬರ್ ೨೦೨೫

ಗ್ರೀಷ್ಮಾ ಮರಿ,

ನೀನು ಜರ್ಮನಿಯಲ್ಲಿ ಇಳಿದು ಇಪ್ಪತ್ತನಾಲ್ಕು ದಿನವಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ನನ್ನದೇ ತಪ್ಪು. ನಾಲ್ಕು ಸಲ ಶುರು ಮಾಡಿದೆ, ನಾಲ್ಕು ಸಲ ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಕಿರುಚುತ್ತೇನೆ, ನಿನ್ನ ಅಮ್ಮ ಪಕ್ಕದಲ್ಲೇ ನಿಂತು "ಅಪ್ಪಾ, ಮೆಲ್ಲಗೆ" ಅನ್ನುತ್ತಾಳೆ. ಇದು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಬರಹ. ನಾನೇ ಕಲಿಸಿದ ಕನ್ನಡ ಅಕ್ಷರ ತಾನೆ, ಕೂಡಿಸಿಕೊಂಡು ಓದು.

ಮೊದಲು ಮುಖ್ಯ ವಿಷಯ. ಹೋದ ಭಾನುವಾರ ನೀನು ಮಲಯಾಳಂನಲ್ಲಿ ಹೇಳಿದೆಯಲ್ಲ, ನೀನು ಸೇವೆಗೆ ಸೇರಿದ ಆ ವೃದ್ಧಾಶ್ರಮದಲ್ಲಿ ಮರೆವಿನ ಮುದುಕರಿಗೆ ಊಟ ಮಾಡಿಸುವಾಗೆಲ್ಲ ತಾತನೇ ಕಣ್ಣ ಮುಂದೆ ಬರುತ್ತಾನೆ, ಒಪ್ಪಿಕೊಂಡ ಒಂದು ವರ್ಷ ಪೂರ್ತಿ ಇರುವುದಿಲ್ಲ, ಡಿಸೆಂಬರಿನಲ್ಲೇ ಬಿಟ್ಟು ಬರುತ್ತೇನೆ ಅಂತ. ಬರಬೇಡ. ಪ್ಲಸ್ ಟೂ ಮುಗಿದ ಮೇಲೆ ಎಂಟು ತಿಂಗಳು ಕಾಕ್ಕನಾಡಿನಲ್ಲಿ ಹಾಸ್ಟೆಲಿನಲ್ಲಿದ್ದು ಜರ್ಮನ್ ಕಲಿತದ್ದು ನನ್ನನ್ನು ನೋಡಿಕೊಳ್ಳುವುದಕ್ಕಾ?

ಫೋಟೋ ನೋಡಿದೆ. ಟೋಪಿ ಇದೆ, ಕಿವಿ ಮಾತ್ರ ಹೊರಗೆ. ಏನು, ಕಿವಿ ಬೇಡವಾ ನಿನಗೆ?

ಇಲ್ಲಿ ನಿನ್ನ ಅಮ್ಮ ನಿರ್ಮಲ ನನ್ನನ್ನು ಮರೆವಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆ ಹುಡುಗಿ ಡಾಕ್ಟರು ನನ್ನನ್ನು ತಾತ ಮಾಡಿಕೊಂಡು "ಅಪ್ಪೂಪ್ಪಾ, ಒಂದು ಗಡಿಯಾರ ಬರೆಯಿರಿ" ಅಂದಳು. ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಾಯ್ಲರಿನ ಮುಳ್ಳು ನೋಡಿದವನಿಗೆ ಗಡಿಯಾರ! ಬರೆದೆ, ಸೆಕೆಂಡಿನ ಮುಳ್ಳನ್ನೂ ಹಾಕಿಕೊಟ್ಟೆ. ಪೂರ್ತಿ ಮಾರ್ಕು. ಆದರೂ ನಿರ್ಮಲ ಆಫೀಸಿಗೆ ಹೊರಡುವ ಮೊದಲು ಗ್ಯಾಸ್ ಬಂದ್ ಮಾಡಿ, ನನ್ನ ಜೇಬಿಗೆ ಮನೆ ವಿಳಾಸದ ಚೀಟಿ ತುರುಕಿ ಹೋಗುತ್ತಾಳೆ. ಆಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಾಲ್ಕನಿಗೆ ಹೋಗುತ್ತೇನೆ, ಬಾಗಿಲಿಗೆ ಬರುತ್ತೇನೆ. ಗಡಿಯಾರದಲ್ಲಿ ನಾಲ್ಕೂವರೆ ಗಂಟೆ ಕಳೆದು ನಿನ್ನ ಹೊತ್ತು ನೋಡುತ್ತೇನೆ, ಈಗ ಎದ್ದಿರಬೇಕು, ಈಗ ಬಸ್ಸಿಗೆ ನಿಂತಿರಬೇಕು ಅಂತ. ಮತ್ತೆ ಬಾಲ್ಕನಿ.

ಎಲ್ಲ ಶುರುವಾದದ್ದು ನಿನ್ನ ಆ ಪಾಸ್‌ಪೋರ್ಟಿನಿಂದ. ವೀಸಾ ಹಾಕಿಸಿಕೊಂಡು ಬಂದದ್ದು ಆರು ದಿನ ಕಾಣೆಯಾಗಿ, ಕೊನೆಗೆ ಹಳೇ ಪತ್ರಿಕೆಗಳ ನಡುವೆ ಸಿಕ್ಕಿತು. ಅಷ್ಟರಲ್ಲಿ ನಿನ್ನ ಗೆಳತಿ ಜಾಯ್ಸ್ ಹೊರಟುಹೋಗಿದ್ದಳು. ಇಬ್ಬರೂ ಒಂದೇ ಊರಿನಲ್ಲಿ ಒಂದೇ ಕೋಣೆಯಲ್ಲಿ ಇರಬೇಕಾದವರು. ಅವಳಿಗೆ ಪಟ್ಟಣ ಸಿಕ್ಕಿತು, ತಡವಾಗಿ ಹೋದ ನಿನಗೆ ಯಾವುದೋ ಹಳ್ಳಿ, ಒಂಟಿ ಕೋಣೆ. ಮುದುಕ ತೆಗೆದುಕೊಂಡು ಎಲ್ಲೋ ಇಟ್ಟು ಮರೆತ ಅಂತ ಎಲ್ಲರೂ ಅಂದರು. ನೀನು ಮಾತ್ರ ನನ್ನ ಕೆನ್ನೆ ಹಿಡಿದು, "ಸಾರಮಿಲ್ಲ ತಾತಾ, ಪರವಾಗಿಲ್ಲ, ವಯಸ್ಸಾಯಿತಲ್ಲ" ಅಂದೆ. ಮಗು, ನೀನು ಅವತ್ತು ಬೈದಿದ್ದರೆ ಚೆನ್ನಾಗಿತ್ತು.

ಕೊಚ್ಚಿಯ ನೆಡುಂಬಾಶ್ಶೇರಿ ಏರ್‌ಪೋರ್ಟಿನಲ್ಲಿ ನೀನು ಒಳಗೆ ಹೋದಮೇಲೂ ನಾನು ಕದಲಲಿಲ್ಲ. ಕಾರ್ಖಾನೆಯ ಗೆಳೆಯ ಜೋಸೆಫ್ ತೋಳು ಹಿಡಿದೆಳೆದ. "ವೀರಭದ್ರನ್ ಚೇಟ್ಟಾ, ಫ್ಲೈಟ್ ಪೋಯಿ. ವಾ." ವಿಮಾನ ಹೋಯಿತು, ಬಾರಣ್ಣ ಅಂತ. ಅವನಿಗೂ ಗೊತ್ತು, ನಮ್ಮ ಶಿಫ್ಟಿನಲ್ಲಿ ಮುಂದಿನವನು ಬಂದು ವಾಲ್ವಿನ ಮೇಲೆ ಕೈ ಇಡುವವರೆಗೆ ಜಾಗ ಬಿಡುವ ಹಾಗಿರಲಿಲ್ಲ. ಬಿಡುವ ಮೊದಲು ಶಿಫ್ಟ್ ಪುಸ್ತಕದಲ್ಲಿ ಆದದ್ದನ್ನೆಲ್ಲ ಬರೆಯಬೇಕು, ಕೆಟ್ಟದ್ದನ್ನೂ. ಒಂದು ದಿನ ಉಪೇಂದ್ರ ಎಂಬ ಹೊಸಬ ಪ್ರೆಶರ್ ಏರಿದ್ದನ್ನು ಮುಚ್ಚಿಟ್ಟು "ಎಲ್ಲ ಸರಿಯಿದೆ" ಅಂತ ಬರೆದಿದ್ದ. ಎಲ್ಲರೆದುರು ಪುಸ್ತಕವನ್ನು ಅವನ ಮುಖಕ್ಕೆ ಎಸೆದು, "ತಪ್ಪು ಮಾಡು, ಸುಳ್ಳು ಬರೀಬೇಡ" ಅಂದೆ. ಅವನು ಅತ್ತುಬಿಟ್ಟ. ಮೊನ್ನೆ ಜೋಸೆಫನಿಂದ ಅವನ ನಂಬರ್ ತೆಗೆದುಕೊಂಡೆ. ಫೋನ್ ಮಾಡಲು ಇನ್ನೂ ಬಾಯಿ ಬಂದಿಲ್ಲ.

ಚೆನ್ನಾಗಿ ಉಣ್ಣು. ನೀನು ಊಟ ಮಾಡಿಸುವ ಮುದುಕರು ಗೊಣಗಿದರೆ ಗದರಬೇಡ, ಆ ಬುದ್ಧಿ ನನ್ನಿಂದ ಕಲಿತದ್ದು. ಕಾಲು ಬೆಚ್ಚಗಿರಲಿ, ಕೈಗೆ ಹಿಡಿದ ಕೆಲಸ ನಿನಗೆ ಒಲಿಯಲಿ.

ನಿನ್ನ ತಾತ,
ವೀರಭದ್ರ

ತಾ.ಕ.: ನಾನು ಮರೆತಿರಲಿಲ್ಲ. ಅಕ್ಟೋಬರ್ ಒಂಬತ್ತು, ಗುರುವಾರ, ಹನ್ನೊಂದು ಇಪ್ಪತ್ತಕ್ಕೆ ಕೊರಿಯರ್ ಬಂತು. ಸಹಿ ಹಾಕಿ ತೆಗೆದುಕೊಂಡವನು ನಾನು. ನನ್ನ ಹಳೇ ಶಿಫ್ಟ್ ಚೀಲದ ಅಡಿಯಲ್ಲಿಟ್ಟು, ಆರು ದಿನ ನಿಮ್ಮ ಜೊತೆ ನಾನೂ ಹುಡುಕಿದೆ. ಮಂಚದ ಕೆಳಗೆ ಟಾರ್ಚ್ ಬಿಟ್ಟವನೂ ನಾನೇ. ಫ್ಲೈಟ್ ತಪ್ಪಿದರೆ ನೀನು ಹೋಗುವುದೇ ತಪ್ಪುತ್ತದೆ ಅಂದುಕೊಂಡಿದ್ದೆ. ನೀನು ಊಟ ಬಿಟ್ಟ ಮೇಲೆ ತಡೆಯಲಾರದೆ ಪತ್ರಿಕೆಗಳ ನಡುವೆ ಸೇರಿಸಿದೆ. ನೀನು "ಸಾರಮಿಲ್ಲ" ಅಂದದ್ದು ಮರೆವಿನ ತಾತನಿಗೆ. ಅದು ನನಗೆ ಸೇರಿದ್ದಲ್ಲ. ನಿನ್ನ ಅಮ್ಮನಿಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ. ತಲೆ ನೆಟ್ಟಗಿದೆ, ಅದಕ್ಕಾಗಿ ನೀನು ಬರಬೇಕಿಲ್ಲ. ಈ ಕಾಗದ ಕೈಗೆ ಬಂದ ಮೇಲಿನ ಭಾನುವಾರ ಫೋನ್ ಮಾಡಿ ಬಾಯಿಗೆ ಬಂದಂತೆ ಬೈ. ನಾನು ಕಿರುಚುವುದಿಲ್ಲ.