ಮಿತ್ರಾಳ ವಿಮಾನಕ್ಕೊಂದು ಪ್ರೊಸೆಸರ್

ಕಮಲಾಪುರ,
೫ ಮೇ ೨೦೦೪, ಬುಧವಾರ

ಪ್ರೀತಿಯ ಮಿತ್ರಾ,

"ಕೊಕ್ಕರೆ ಇಳಿದದ್ದು ಕೆರೆಗೆ ತಿಳಿಯಲೇ ಇಲ್ಲ" ಎಂಬ ಸಾಲೊಂದು ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ, ಯಾರದೋ ನೆನಪಿಲ್ಲ. ನಾನು ತಿದ್ದಿದ ಯಾವುದೋ ವಿದ್ಯಾರ್ಥಿಯ ಉತ್ತರ ಪತ್ರಿಕೆಯ ಕೊನೆಯ ಹಾಳೆಯಲ್ಲಿದ್ದರೂ ಇದ್ದೀತು. "ತಿಳಿಯಲೇ ಇಲ್ಲ" ಎಂದಿತ್ತೋ, "ತಿಳಿದೂ ಸುಮ್ಮನಿತ್ತು" ಎಂದಿತ್ತೋ, ಅದೂ ಖಾತ್ರಿಯಿಲ್ಲ. ನಿನ್ನೆ ಬುದ್ಧ ಪೂರ್ಣಿಮೆ. ಸಂಜೆ ಖೀರು ಉಂಡು ಕೆರೆಯ ಕಡೆ ಹೋಗಿ ನಿಂತು ನೋಡಿದೆ. ತಳಕ್ಕಿಳಿದ ನೀರಿನಲ್ಲಿ ಕೊಕ್ಕರೆಯೊಂದು ಕಾಲು ಮುಂದೆ ಚಾಚಿ ಇಳಿಯಿತು. ಬಳೆಯಷ್ಟು ಅಗಲದ ಒಂದು ಸುತ್ತು ಎದ್ದೇ ಎದ್ದಿತು. ಬರೆದವರು ಕೆರೆಯ ಹತ್ತಿರ ಹೋಗಿರಲಿಕ್ಕಿಲ್ಲ.

ನೀನು ಹೇಗಿದ್ದೀ? ವಿಮಾನ ಇಳಿಯುವಾಗ ಕಿವಿ ಗುಂಯ್ ಎನ್ನುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಗಿದೆಯೇ? ಹೈದರಾಬಾದಿನ ಬಿಸಿಲು ನಮ್ಮ ಬಿಸಿಲಿಗಿಂತ ತುಸು ಮೆತ್ತಗೆ ಎನ್ನುತ್ತಾರೆ, ಆದರೂ ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಮೈದಾನಕ್ಕೆ ಹೋಗಬೇಡ. ಹಾಸ್ಟೆಲಿನ ಅನ್ನ ಸೇರದಿದ್ದರೆ ನಾನು ಕಳಿಸಿದ ಶೇಂಗಾ ಹಿಂಡಿಯನ್ನಾದರೂ ಕಲಸಿಕೊಂಡು ಉಣ್ಣು. ನಾವೆಲ್ಲ ಆರಾಮ. ಕಾಲೇಜಿಗೆ ರಜೆ ಬಿದ್ದದ್ದರಿಂದ ಕಲಬುರಗಿಯ ಮನೆಗೆ ಬೀಗ ಹಾಕಿ ಇಲ್ಲಿ ನಿನ್ನ ಅಜ್ಜಿ ಆಯಿಯ ಹತ್ತಿರ ಬಂದಿದ್ದೇವೆ. ಅಪ್ಪ ಇಲ್ಲಿಂದಲೇ ಬಸ್ಸಿನಲ್ಲಿ ವಿದ್ಯುತ್ ಕಚೇರಿಗೆ ಹೋಗಿ ಬರುತ್ತಾರೆ.

ನೀನು ಮಾರ್ಚ್ ಕೊನೆಗೆ ಕಳಿಸಿದ, ತರಬೇತಿ ಬಿಡುವ ಫಾರಂ ನನ್ನ ಹತ್ತಿರವೇ ಇದೆ. ಅದರ ಜೊತೆಗಿದ್ದ ಚೀಟಿಯನ್ನೂ ಇಟ್ಟುಕೊಂಡಿದ್ದೇನೆ: "ಅವ್ವಾ, ಪ್ರತಿ ಸಲವೂ ನೆಲ ಬರೋದ್ರಾಗೇ ವಿಮಾನದ ಮೂತಿ ಎತ್ತಿಬಿಡ್ತೀನಿ. ನನ್ನ ಕೈಲೆ ಆಗಂಗಿಲ್ಲ. ಸಹಿ ಮಾಡಿ ಕಳಿಸು." ನಿನ್ನ ಜೊತೆಯವರೆಲ್ಲ ಒಬ್ಬಂಟಿಯಾಗಿ ಹಾರಿ ಬಂದರು, ನಿನ್ನ ಪಕ್ಕದ ಸೀಟಿನಿಂದ ಮಾತ್ರ ಶಿಕ್ಷಕರು ಇನ್ನೂ ಇಳಿದಿಲ್ಲ ಎಂಬುದು ನನಗೆ ಗೊತ್ತು. ನಾವು ಸಹಿ ಮಾಡಿದರೆ ನಿನ್ನ ಹಾರಾಟದ ಓದು ಅಲ್ಲಿಗೆ ಮುಗಿಯಿತು, ಸರ್ಕಾರದ ವಿದ್ಯಾರ್ಥಿವೇತನ ಎರಡನೇ ಸಲ ಸಿಗುವುದಿಲ್ಲ ಎಂಬುದೂ ಗೊತ್ತು. ಆದ್ದರಿಂದಲೇ ಫೋನಿನಲ್ಲಿ ನೀನು "ಸಹಿ ಮಾಡಿದೇನು?" ಎಂದು ಕೇಳಿದಾಗಲೆಲ್ಲ ನಾನು "ಉಂಡೇನು?" ಎಂದು ಕೇಳುತ್ತ ಬಂದೆ. ಇಷ್ಟು ದಿನ ನಾನು ಏನು ಮಾಡುತ್ತಿದ್ದೆ ಎಂದು ಈಗ ಹೇಳುತ್ತೇನೆ, ನಗಬೇಡ.

ನಿಮ್ಮಲ್ಲಿ ಉಳ್ಳವರ ಮಕ್ಕಳು ಮನೆಯ ಕಂಪ್ಯೂಟರಿನಲ್ಲೇ ವಿಮಾನ ಇಳಿಸಿ ಇಳಿಸಿ ಕೈ ಪಳಗಿಸಿಕೊಂಡು ಬರುತ್ತಾರೆ ಎಂದು ನೀನೇ ಒಮ್ಮೆ ಹೇಳಿದ್ದೆ. ಯಾರೂ ನೋಡದ ಜಾಗದಲ್ಲಿ ನಿನಗೂ ಅಂಥದೊಂದು ಇರಲಿ ಎನಿಸಿತು. ಕಲಬುರಗಿಯ ರೋಜಾ ಓಣಿಯಲ್ಲಿ ಬಂದೇನವಾಜ್ ಭಾಯ್ ಇದ್ದಾರಲ್ಲ, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಕಂಪ್ಯೂಟರ್ ಜೋಡಿಸುತ್ತಾರೆ. ಅವರ ಅಂಗಡಿಗೆ ಹೋಗಿ ಆಫೀಸಿನ ಕೆಲಸಕ್ಕಲ್ಲ, ಪಾಠಕ್ಕೂ ಅಲ್ಲ, ವಿಮಾನ ಇಳಿಸಲಿಕ್ಕೆ ಬೇಕು ಎಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಅಂಗಡಿಯ ಹಳೆಯ ಯಂತ್ರದಲ್ಲೇ ವಿಮಾನ ಹಾರಿಸುವ ಆಟ ಹಾಕಿ ಕೂಡಿಸಿದರು. ಮೇಲೆ ಹಾರುವಷ್ಟು ಹೊತ್ತು ಏನೂ ತೊಂದರೆಯಿರಲಿಲ್ಲ. ಇಳಿಯಲು ಹೋದಾಗ ಮಾತ್ರ ನೆಲ ನಮ್ಮ ಕಡೆಗೆ ಹರಿದು ಬರದೆ ಜಿಗಿಜಿಗಿದು ಬಂತು. ಪದ್ಯವನ್ನು ಎರಡು ಪದಕ್ಕೊಂದು ಪದ ಬಿಟ್ಟು ಓದಿದ ಹಾಗೆ. ಬಿಟ್ಟುಹೋದ ಆ ಪದದಲ್ಲೇ ವಿಮಾನ ನೆಲಕ್ಕೆ ಬಡಿದಿತ್ತು. ಚಿತ್ರದ ಕಾರ್ಡು ಎಷ್ಟೇ ಒಳ್ಳೆಯದಿದ್ದರೂ ಈ ಆಟಕ್ಕೆ ಸಾಲದು, ಗಾಳಿ, ತೂಕ, ರೆಕ್ಕೆ ಎಲ್ಲದರ ಲೆಕ್ಕವನ್ನೂ ಯಂತ್ರದ ಮಿದುಳಾದ ಪ್ರೊಸೆಸರೇ ಮಾಡಬೇಕು, ಅದು ಚುರುಕಿದ್ದರೆ ಮಾತ್ರ ನೆಲ ನುಣ್ಣಗೆ ಬರುತ್ತದೆ ಎಂದು ತಿಳಿಸಿ ಹೇಳಿದರು.

ಚುರುಕಾದ ಪೆಂಟಿಯಂ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಆಗ ಅವರು ಗಾಜಿನ ಕಪಾಟಿನಿಂದ ಉಗುರಿನಗಲದ ಹೊಟ್ಟೆಯಿದ್ದ ಒಂದು ಚೂರು ತೆಗೆದು ಕೈಯಲ್ಲಿಟ್ಟರು. ಅಥ್ಲಾನ್ ಎಂಬ ಪ್ರೊಸೆಸರ್, ೨೫೦೦ರ ಗುರುತಿನದು. ಇದೇ ಕಾರ್ಖಾನೆಯ ೩೨೦೦ ಗುರುತಿನದಕ್ಕೆ ಬೆಲೆ ದುಪ್ಪಟ್ಟಿಗೂ ಹೆಚ್ಚು, ಆದರೆ ಒಳಗಿನ ಮಾಲು ಒಂದೇ ಎಂದರು. "ಒಂದಾ ಹೊಲದ ಜೋಳ ಮೇಡಂ, ಚೀಲದ ಮ್ಯಾಲಿನ ಚೀಟಿ ಬ್ಯಾರೆ." ಅದು ಕೂರುವ ಬೋರ್ಡಿನ ಮಿಡಿತವನ್ನು ೧೬೬ರಿಂದ ೨೦೦ ಮೆಗಾಹರ್ಟ್ಸಿಗೆ ಏರಿಸಿದರೆ ಚಿಕ್ಕದು ದೊಡ್ಡದರ ಕೆಲಸ ಮಾಡುತ್ತದಂತೆ. ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಎಲ್ಲ ಚೂರೂ ಅಷ್ಟಕ್ಕೆ ಏರುತ್ತದೆಂಬ ಭರವಸೆಯಿಲ್ಲ, ಸುಟ್ಟರೆ ಕಂಪನಿ ಕೇಳುವುದಿಲ್ಲ, ಬಿಸಿಯಾಗುವುದೂ ಹೆಚ್ಚು ಎಂಬುದನ್ನೂ ಮುಚ್ಚಿಡಲಿಲ್ಲ. ಚೀಟಿ ನೋಡಿ ಬೆಲೆ ಕಟ್ಟುವವರನ್ನು ನಾನು ಒಂದನೇ ಇಯತ್ತೆಯಿಂದಲೂ ಬಲ್ಲೆ, ಮಿತ್ರಾ. ಎರಡನೇ ಸಲ ಯೋಚಿಸದೆ ಅದನ್ನೇ ಆರಿಸಿದೆ.

ಅಪ್ಪನದು ದೊಡ್ಡ ತಕರಾರು. "ಇಪ್ಪತ್ತೆಂಟು ವರ್ಷ ಮಂದಿಗೆ ಓವರ್‌ಲೋಡ್ ಮಾಡಬ್ಯಾಡ್ರಿ ಅಂತ ನೋಟಿಸು ಕೊಟ್ಟೀನಿ. ಈಗ ನನ್ನ ಮನಿಯಾಗೇ ಮಾಡಾಕತ್ತೀ" ಎಂದು ಊಟದ ಹೊತ್ತಿನಲ್ಲೆಲ್ಲ ಅದೇ ಮಾತು. ಆದರೆ ಯಂತ್ರ ಮನೆಗೆ ಬಂದ ಮೂರನೇ ದಿನಕ್ಕೆ ಕೀಲಿಮಣೆ ನನ್ನ ಕೈಗೆ ಸಿಗದ ಹಾಗಾಯಿತು. ೧೭೦ಕ್ಕೆ ಒಂದು ದಿನ, ೧೭೫ಕ್ಕೆ ಒಂದು ದಿನ, ಹೀಗೆ ಮೀಟರ್ ತಪಾಸಣೆ ಮಾಡಿದ ಹಾಗೆ ಏರಿಸುತ್ತ ಹೋದರು. ೨೦೦ ಮುಟ್ಟಿದ ದಿನ ಓಣಿಗೆಲ್ಲ ಪೇಡೆ ಹಂಚಿದರು. ಏತಕ್ಕೆಂದು ಕೇಳಿದವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ.

ಏಪ್ರಿಲ್ ನಡುವಿನ ಬಿಸಿಲಿಗೆ ನಮ್ಮ ಸ್ಲ್ಯಾಬಿನ ಮನೆ ಹಂಚಿನಂತೆ ಕಾದಿತ್ತು. ನಾನು ಇನ್ನೇನು ಇಳಿಸಬೇಕು ಎನ್ನುವಾಗ ಯಂತ್ರ ತಣ್ಣಗೆ ನಿಂತುಬಿಡುತ್ತಿತ್ತು. ತಣ್ಣಗೆ ಎಂದದ್ದು ಮಾತಿಗೆ. ಪ್ರೊಸೆಸರಿನ ಶಾಖ ಎಂಬತ್ತು ಡಿಗ್ರಿಯ ಹತ್ತಿರ ಹೋಗಿತ್ತು. ಅಪ್ಪ ಡಬ್ಬಿಯ ಬಗಲಿನ ತಗಡು ಬಿಚ್ಚಿ, ನಮ್ಮ ದೊಡ್ಡ ಕೂಲರನ್ನು ಎಳೆದು ತಂದು ಅದರ ಎದುರಿಗೇ ನಿಲ್ಲಿಸಿದರು. ಆಹಾ, ಐದು ದಿನ ಏನು ಚಂದ ಓಡಿತು! ನಾವಿಬ್ಬರೂ ಬೆವರುತ್ತ ಕೂತೆವು, ಕೂಲರಿನ ಗಾಳಿಯೆಲ್ಲ ಅದಕ್ಕೇ. ಆರನೇ ದಿನ ಟಪ್ ಎಂದು ಸತ್ತಿತು. ಬಂದೇನವಾಜ್ ಭಾಯ್ ಬಂದು ಬೋರ್ಡಿನ ಮೇಲೆ ಉಗುರಾಡಿಸಿದರು. ಬಿಳಿ ಪುಡಿ ಉದುರಿತು. "ಉರುಸಿನ ಮುಂದ ಲಾಡ್ಜಿಗೂ ಇಷ್ಟು ಸುಣ್ಣ ಹಚ್ಚಂಗಿಲ್ಲಲ್ರೀ ಸಾಹೇಬ್ರ" ಎಂದರು. ನಮ್ಮ ಬೋರಿನ ಗಡಸು ನೀರು ಕೂಲರಿನ ಹಸಿ ಗಾಳಿಯ ಜೊತೆ ಒಳಗೆ ಹೋಗಿ ಕೂತಿತ್ತು. ವಿದ್ಯುತ್ ಇಲಾಖೆಯ ಮನುಷ್ಯ ಮಾಡುವ ಕೆಲಸವೇ ಇದು? ಪುಣ್ಯಕ್ಕೆ ಪ್ರೊಸೆಸರಿಗೆ ಏನೂ ಆಗಿರಲಿಲ್ಲ. ಬೋರ್ಡು ಮಾತ್ರ ಬೇರೆ ಹಾಕಿಸಿದೆವು.

ಇಲ್ಲಿಗೆ ತರುವ ಯೋಚನೆ ನನ್ನದು. ಆಯಿಯ ಮಣ್ಣಿನ ಮಾಳಿಗೆ ಮನೆಯಲ್ಲಿ, ಚಂದ್ರಾಮ ಕಾಕಾ ಕೆಂಬಾಳೆ ಗೊನೆ ಇಡುವ ಒಳಕೋಣೆ ನಿನಗೆ ಗೊತ್ತಲ್ಲ, ಮೊಳದಗಲದ ಗೋಡೆ, ಮೇ ತಿಂಗಳಲ್ಲೂ ನೆಲಕ್ಕೆ ಕಾಲಿಟ್ಟರೆ ತಂಪು. ಎರಡು ಕೌದಿಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ಕಂಡಕ್ಟರ್ ಏನ್ರಿ ಇದು ಎಂದು ಕೇಳಿದರೆ ಅಪ್ಪ "ವಿಮಾನ" ಅಂದರು. "ಹಂಗಾರ ಬಸ್ಸ್ಯಾಕ ಹತ್ತೀರಿ" ಎಂದು ಆತ ಲಗೇಜಿನ ಚೀಟಿ ಹರಿದ.

ಬೆಳಗಿನ ಐದಕ್ಕೆ ಇಲ್ಲಿ ಕರೆಂಟೂ ಚೆನ್ನಾಗಿರುತ್ತದೆ, ತಂಪೂ ಇರುತ್ತದೆ. ೨೦೦ರಲ್ಲಿ ಓಡಿಸಿದರೂ ಶಾಖ ಅರವತ್ತು ದಾಟುವುದಿಲ್ಲ. ಹಣ್ಣಾಗುತ್ತಿರುವ ಬಾಳೆಯ ವಾಸನೆಯಲ್ಲಿ ಕೂತು ನಿಮ್ಮ ಬೇಗಂಪೇಟೆಯ ರನ್‌ವೇಗೆ ದಿನಾ ಇಳಿಯುತ್ತೇನೆ. ಇಳಿಯುತ್ತೇನೆ ಎನ್ನುವುದಕ್ಕಿಂತ ಬೀಳುತ್ತೇನೆ ಎನ್ನಬೇಕು. ಬಗಲ ಮನೆಯ ಕುಲ್ಸುಮ್ ಚಹಾದ ಬಟ್ಟಲು ಹಿಡಿದು ಬಂದು ಗೋಡೆಗೆ ಒರಗಿ ನೋಡುತ್ತಾಳೆ. ನನ್ನ ಬೀಳಾಟ ನಲವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ ಎಂದು ಅವಳೇ ಹೇಳಿದಳು. ಈಗ ಯಂತ್ರದ ತಪ್ಪು ಏನೂ ಇರಲಿಲ್ಲ. ನೆಲ ಹಾಲಿನ ಹಾಗೆ ನುಣ್ಣಗೆ ಬರುತ್ತಿತ್ತು, ನಾನು ಮಾತ್ರ ಅದು ಮುಟ್ಟುವ ಮೊದಲೇ ಮೂತಿ ಎತ್ತಿಬಿಡುತ್ತಿದ್ದೆ. ಥೇಟ್ ನಿನ್ನ ಹಾಗೆ.

ಮೊನ್ನೆ ಆಯಿ ಗೊನೆ ನೋಡಲೆಂದು ಒಳಗೆ ಬಂದವಳು ನನ್ನ ಹಿಂದೆ ನಿಂತಳು. ಅರ್ಧ ಆಯುಷ್ಯ ಕಂಡವರ ಹೊಲದಲ್ಲಿ ಬಿತ್ತಿದವಳು ಅವಳು. ಪರದೆಯನ್ನು ನೋಡಲಿಲ್ಲ, ನನ್ನ ಕಣ್ಣನ್ನೇ ನೋಡಿದಳು. "ಕಾಲಬುಡಕ ಯಾಕ ನೋಡ್ತೀ? ಕೂರಿಗಿ ಹಿಡದಾಂವ ಕಾಲಬುಡಕ ನೋಡಿದ್ರ ಸಾಲು ಸೊಟ್ಟ ಬೀಳ್ತದ. ಆ ಕಡಿ ಬದುವಿನ ಮ್ಯಾಲ ಕಣ್ಣಿಡು. ನೆಲ ಎಲ್ಲಿಗೂ ಹೋಗಂಗಿಲ್ಲ." ರನ್‌ವೇಯ ದೂರದ ತುದಿಯ ಮೇಲೆ ಕಣ್ಣಿಟ್ಟೆ. ಕೈ ತಾನಾಗಿಯೇ ನಿಧಾನವಾಯಿತು. ಒಮ್ಮೆ ಪುಟಿದು, ಇನ್ನೊಮ್ಮೆ ತಟ್ಟಿ, ವಿಮಾನ ನೆಲದ ಮೇಲೆ ಓಡಿತು. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡು ಕನ್ನಡಕ ಒರೆಸಿಕೊಂಡರು.

ಈ ಮಾತನ್ನು ನಿನ್ನ ಶಿಕ್ಷಕರೂ ಇಂಗ್ಲಿಷಿನಲ್ಲಿ ನೂರು ಸಲ ಹೇಳಿರಬೇಕು. ಅದನ್ನು ಕಲಿಸಲಿಕ್ಕೆ ಇಷ್ಟುದ್ದ ಬರೆಯಲಿಲ್ಲ. ನಾನು ಬಿದ್ದರೆ ಪರದೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಬೆಳಗಾಗುತ್ತದೆ, ನಿನ್ನದು ಹಾಗಲ್ಲ. ಆದ್ದರಿಂದ ಹೆದರಬೇಡ ಎಂದು ಬರೆಯುವ ಹಕ್ಕು ನನಗಿಲ್ಲ. ಆದರೆ ಮಾರ್ಚಿನಲ್ಲಿ ನಿನ್ನ ಚೀಟಿ ಓದಿದಾಗ ಮೂತಿ ಎತ್ತುವುದೆಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಅದು ಕೈಲಾಗದವರ ಕೆಲಸವಲ್ಲ, ಕೈಗೆ ಅವಸರವಾದವರ ಕೆಲಸ. ಇಷ್ಟು ತಿಳಿದ ಮೇಲೆ ನಾನು ಸಮಾಧಾನವಾಗಿದ್ದೇನೆ. ನೀನು ಬಂದಾಗ ಇದೇ ಸ್ಟೂಲಿನ ಮೇಲೆ ಕೂತು ಮನಸ್ಸು ಬಂದಷ್ಟು ಇಳಿಸು, ಬೇಡವೆನಿಸಿದರೆ ಬಾಳೆಹಣ್ಣು ತಿಂದು ಮಲಗು.

ಆಯಿಯ ಕೈ ನಿನ್ನ ತಲೆಯ ಮೇಲಿದೆ ಎಂದುಕೋ. ಕಾಕಾ ನಿನಗೆಂದು ಒಂದು ಗೊನೆ ಬೇರೆ ಇಟ್ಟಿದ್ದಾರೆ, ಯಾರಿಗೂ ಮುಟ್ಟಗೊಡುತ್ತಿಲ್ಲ. ಎಲ್ಲರ ಜೈಭೀಮ್.

ನಿನ್ನ ಅವ್ವ,
ಸಾವಿತ್ರಿಬಾಯಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಫಾರಂ ಇದೇ ಲಕೋಟೆಯಲ್ಲಿದೆ. ನಾನೂ ಅಪ್ಪನೂ ಇವತ್ತು ಸಹಿ ಮಾಡಿದ್ದೇವೆ, ತಾರೀಖು ಮಾತ್ರ ಹಾಕಿಲ್ಲ. ಹದಿನಾಲ್ಕನೇ ತಾರೀಖಿಗೆ ಇಲ್ಲಿಗೆ ಬಾ, ಇದ್ದು ನೋಡು. ಆಮೇಲೂ ಕೊಡಬೇಕೆನಿಸಿದರೆ ತಾರೀಖು ನೀನೇ ಹಾಕಿ ಕೊಡು, ಯಾಕೆಂದು ನಾವು ಕೇಳುವುದಿಲ್ಲ. ಕುಲ್ಸುಮ್ ಕಲಬುರಗಿಗೆ ಹೊರಟಿದ್ದಾಳೆ, ಇದನ್ನು ಅಲ್ಲಿಯೇ ಪೋಸ್ಟಿಗೆ ಹಾಕುತ್ತಾಳೆ. ಬಾಗಿಲಲ್ಲಿ ನಿಂತು, ಆ ಹಾಳೆ ಏನೆಂದು ಕೇಳಿದಳು. ಹೇಳಿದೆ. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ: "ಅಕ್ಕಾ, ನಾಳಿಂದ ನನಗೂ ಇಳಸೋದು ಕಲಸ್ರಿ. ಹುಡುಗಿ ಬಂದಾಗ ಬಗಲಾಗ ಕುಂತು ನಾನೂ ಬೀಳ್ತೀನಿ. ಆಕಿ ಒಬ್ಬಾಕಿನ ಬೀಳೋದು ಬ್ಯಾಡ."