ಚರ್ಚಿನಲ್ಲಿ ಸಾರಿದ ಸುದ್ದಿ

ಬಾಲ್ಟಿಮೋರ್,
ಮಾರ್ಚ್ ೫, ಬುಧವಾರ

ನನ್ನ ಮುದ್ದಿನ ಡೆನೀಟಾ,

ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಪಾಟೀಸವಾಲು ಶುರು ಮಾಡುತ್ತೀಯ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋವು ಇದ್ದದ್ದೇ.

ಇಲ್ಲಿನ ಉಚಿತ ಕಾನೂನು ನೆರವು ಸಂಸ್ಥೆಯ ಆಡಳಿತ ಮಂಡಳಿಗೆ ನೀನು ಸೇರುತ್ತೀಯೆಂದು ತಿಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಾಷಿಂಗ್ಟನ್ನಿನಲ್ಲಿ ಸರ್ಕಾರದ ನಾಗರಿಕ ಹಕ್ಕುಗಳ ವಕೀಲೆ, ಈಗ ತನ್ನೂರಿನ ಬಡವರಿಗೂ ಆಸರೆ! ನನ್ನ ಬಾಯಿ ಸುಮ್ಮನಿರಬೇಕಲ್ಲ? ಪಾಸ್ಟರ್ ಗ್ರೀಯರ್ ಅವರಿಗೆ ಹೇಳಿಬಿಟ್ಟೆ. ಭಾನುವಾರ ಅವರು ಎಲ್ಲರೆದುರು ಸಾರಿದರು: "ನಮ್ಮ ಸಿಸ್ಟರ್ ವರ್ನೆಲ್ ಮಗಳು ಕಣ್ರಪ್ಪಾ, ಜೋರಾಗಿ ಚಪ್ಪಾಳೆ ಬೀಳ್ಲಿ!" ಪಕ್ಕದಲ್ಲಿದ್ದ ಗೆಳತಿ ಓಪಲ್, ಭಾನುವಾರದ ದೊಡ್ಡ ಹ್ಯಾಟು ಹಾಕಿಕೊಂಡಿದ್ದ ನನ್ನನ್ನು ತಿವಿದು, "ಇನ್ನು ನಿನ್ನ ಹಿಡಿಯೋರೇ ಇಲ್ಲ ಬಿಡೇ, ನೀನೂ ನಿನ್ನ ಹ್ಯಾಟೂ!" ಎಂದಳು.

ಎಲ್ಲರೂ ಚಪ್ಪಾಳೆ ತಟ್ಟುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಮಾರ್ಲೀಸ್, ಆ ಸಂಸ್ಥೆಯ ವಕೀಲೆ. ನನ್ನ ವಕೀಲೆ.

ಹೌದು ಮಗಳೇ. ಈ ಚಳಿಯಲ್ಲಿ ಮನೆಯ ಹೀಟರ್ ಕೆಟ್ಟಿತು. ಮಾಲೀಕ ಕಿವಿಗೇ ಹಾಕಿಕೊಳ್ಳಲಿಲ್ಲ. ನಗರಸಭೆಗೆ ದೂರು ಕೊಟ್ಟೆ. ಸ್ವಲ್ಪ ದಿನಕ್ಕೇ ಮನೆ ಖಾಲಿ ಮಾಡೆಂದು ನೋಟಿಸ್ ಬಂತು. ಊರಿಗೆಲ್ಲ ಹಕ್ಕು ಕೊಡಿಸುವವಳ ತಾಯಿಗೇ ಹೀಗಾಯಿತೆಂದರೆ, ದೀಪದ ಬುಡದಲ್ಲೇ ಕತ್ತಲು ಎಂದು ಜನ ನಗುವುದಿಲ್ಲವೇ? ನಿನಗೆ ಹೇಳಲು ನಾಚಿಕೆಯಾಗಿ ನಾನೇ ಆ ಸಂಸ್ಥೆಗೆ ಹೋದೆ. ನಮ್ಮಿಬ್ಬರ ಮನೆತನದ ಹೆಸರು ಬೇರೆಯಾದ್ದರಿಂದ ಆ ಕಚೇರಿಯಲ್ಲೂ ಯಾರಿಗೂ ಗೊತ್ತಾಗಲಿಲ್ಲ.

ಚರ್ಚಿನ ಹೊರಗೆ ಮಾರ್ಲೀಸ್ ನನ್ನ ಕೈ ಹಿಡಿದುಕೊಂಡು, "ಮಿಸ್ ವರ್ನೆಲ್, ಮಂಡಳಿಯೋರ ಮನೆಯೋರ ಕೇಸು ನಾವು ಇಟ್ಕೊಳ್ಳೋ ಹಾಗಿಲ್ಲ. ತಮ್ಮೋರಿಗೇ ಬಡಿಸ್ಕೊಂಡ್ರು ಅಂತಾರೆ. ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು. ಪಾಪ, ಅವಳ ಕಣ್ಣಲ್ಲೂ ನೀರಿತ್ತು. ನಾನು ಬೀಗಿದ್ದೇ ನನ್ನ ಕುತ್ತಿಗೆಗೆ ಬಂತು.

ಆದರೂ ನೀನು ಹೆದರಬೇಡ. ಅವಳು ಬೇರೆ ವಕೀಲರನ್ನು ಹುಡುಕಿಕೊಟ್ಟಿದ್ದಾಳೆ. ನನ್ನ ಸಲುವಾಗಿ ನೀನು ಆ ಸ್ಥಾನ ಬಿಡಬೇಡ, ನನ್ನಾಣೆ. ಆ ಬಾಗಿಲಲ್ಲಿ ನನ್ನಂಥವರು ಮಕ್ಕಳನ್ನು ಕಟ್ಟಿಕೊಂಡು ಕಾಯುವುದನ್ನು ಕಣ್ಣಾರೆ ಕಂಡಿದ್ದೇನೆ. ಒಳಗೆ ನಿನ್ನಂಥವಳು ಒಬ್ಬಳಿರಬೇಕು. ಕೆಲಸ ಬಿಟ್ಟು ಇಲ್ಲಿಗೆ ಓಡಿಬರಲೂ ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ತಾ. ಕ.: ಬೇರೆ ವಕೀಲರು ಸಿಕ್ಕಿದ್ದಾರೆ ಎಂದದ್ದು ಸುಳ್ಳು. ಮಾರ್ಲೀಸ್ ಕೇಳಿದವರೆಲ್ಲ ಕೈಚೆಲ್ಲಿದ್ದಾರೆ. ಮುಂದಿನ ಗುರುವಾರ, ೧೩ನೇ ತಾರೀಕು, ಬೆಳಿಗ್ಗೆ ಕೋರ್ಟಿನಲ್ಲಿ ವಿಚಾರಣೆ. ಹೆಸರು ಕೂಗಿದಾಗ ಒಬ್ಬಳೇ ಎದ್ದು ನಿಲ್ಲಬೇಕು. ಸ್ಥಾನ ಬಿಡಬೇಡ ಎಂದದ್ದು ನಿಜ. ಓಡಿಬರಬೇಡ ಎಂದದ್ದು ಸುಳ್ಳು. ಬಾರೇ.